ಎಂಟು ಹನಿ ಎಣ್ಣೆ

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವನು ಮೊದಲು ಮಾಡುತ್ತಿದ್ದುದು ಒಂದೇ ಕೆಲಸ. ಗೋಡೆಯ ಪಕ್ಕದ ತನ್ನ ಹಳೆಯ ಹೊಲಿಗೆ ಯಂತ್ರಕ್ಕೆ ಒಂದು ಹನಿ ಎಣ್ಣೆ ಬಿಟ್ಟು, ಗಾಲಿಯನ್ನು ಅಂಗೈಯಿಂದ ಒಮ್ಮೆ ತಿರುಗಿಸಿ, ಅದು ನಿಲ್ಲುವವರೆಗೂ ಕಿವಿಗೊಟ್ಟು ಕೇಳುವುದು. ಜ್ವರ ಬಂದ ದಿನವೂ ತಪ್ಪಿಸಿದವನಲ್ಲ. ಹೆಂಡತಿ ತೀರಿಕೊಂಡ ವಾರದಲ್ಲಿ ಕೂಡ ಬಾಗಿಲನ್ನು ಅರ್ಧ ತೆರೆದು, ಹನಿ ಬಿಟ್ಟು, ಗಾಲಿಯ ಸದ್ದು ಕೇಳಿ, ಮತ್ತೆ ಬೀಗ ಹಾಕಿ ಮನೆಗೆ ಹೋಗಿದ್ದ. ಸದ್ದಿಲ್ಲದೆ ತಿರುಗುವುದೆಲ್ಲ ಚೆನ್ನಾಗಿದೆ, ಕಿರ್ರೆನ್ನುವುದೆಲ್ಲ ಕೆಟ್ಟಿದೆ. ಇದು ಆ ಹೊಲಿಗೆ ಯಂತ್ರದ ಮೆಕ್ಯಾನಿಕ್ ಇಪ್ಪತ್ತು ವರ್ಷದಲ್ಲಿ ಕಲಿತ ವಿದ್ಯೆ.

ಹೆಂಡತಿ ಹೋಗಿ ಒಂದೂವರೆ ವರ್ಷವಾಗಿತ್ತು. ಏಳು ವರ್ಷದ ಮಗಳು, ಐದು ತುಂಬದ ಮಗ. ಮಗ ಒಂದು ಕಡೆ ನಿಂತವನೇ ಅಲ್ಲ, ಅದಕ್ಕೇ ಮನೆಯಲ್ಲಿ ಅವನಿಗೆ ಬುಗುರಿ ಎಂದೇ ಹೆಸರು. ಇಬ್ಬರನ್ನೂ ಎಲ್ಲಿಗೇ ಕರೆದೊಯ್ಯಬೇಕಾದರೂ ಹೆಂಡತಿಯ ಅಕ್ಕ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಒಳ್ಳೆಯ ಹೆಂಗಸು. ನಾಲಿಗೆ ಮಾತ್ರ ಕತ್ತರಿ.

“ನೋಡಪ್ಪ, ಈ ವರ್ಷದ ಶಾಲೆ ಮುಗೀತಿದ್ದ ಹಾಗೇ ಮಕ್ಕಳನ್ನ ನಮ್ಮನೆಗೆ ಕಳಿಸ್ಬಿಡು. ಅಲ್ಲೇ ಶಾಲೆಗೆ ಸೇರಿಸ್ತೀನಿ. ನೀನು ಭಾನುವಾರ ಬಂದು ನೋಡ್ಕೊಂಡು ಹೋಗು.”

“ನಾನಿದೀನಲ್ಲ ಅತ್ತಿಗೆ.”

“ಇಲ್ಲ ಅಂದೋರ್ಯಾರು? ಒಂದೇ ಒಂದು ದಿನ, ನೀನೊಬ್ಬನೇ ಇಬ್ಬರನ್ನೂ ಹೊರಗೆ ಕರ್ಕೊಂಡು ಹೋಗಿ, ಹೋದ ಹಾಗೇ ವಾಪಸ್ ಕರ್ಕೊಂಡು ಬಾ. ಆಮೇಲೆ ಮಾತಾಡೋಣ.”

ಅವನೊಬ್ಬನೇ ಇಬ್ಬರನ್ನೂ ಹೊರಗೆ ಕರೆದೊಯ್ದದ್ದೇ ಇರಲಿಲ್ಲ. ಮಗಳು ತಿಂಗಳುಗಳಿಂದ ಸ್ಕೇಟಿಂಗ್‌ಗೆ ಕರೆದುಕೊಂಡು ಹೋಗು ಎಂದು ಪೀಡಿಸುತ್ತಿದ್ದಳು. “ಈ ಭಾನುವಾರ ಹೋಗ್ತೀವಿ” ಎಂದುಬಿಟ್ಟ.

“ಸರಿ. ಸಂಜೆ ಆರಕ್ಕೆ ನಾನು ನಿಮ್ಮನೇಲೇ ಇರ್ತೀನಿ,” ಎಂದಳು ಅತ್ತಿಗೆ.

ಭಾನುವಾರ ಬಸ್ಸಿನಲ್ಲಿ ಎರಡು ಪುಟ್ಟ ಕೈಗಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ ಮಗಳು, “ಅಪ್ಪಾ, ನಾವೇನು ಕಳ್ಳರಾ?” ಎಂದು ಕೇಳಿದಳು.

ಸ್ಕೇಟಿಂಗ್ ನಡೆಯುತ್ತಿದ್ದುದು ಹಳೆಯ ಗೋದಾಮಿನಂಥ ಕಟ್ಟಡದಲ್ಲಿ. ನುಣುಪಾದ ಸಿಮೆಂಟು ನೆಲ, ಸುತ್ತ ಸೊಂಟದೆತ್ತರದ ಕಂಬಿ. ದೊಡ್ಡ ಹುಡುಗರು ಗುಂಪಾಗಿ ಒಂದೇ ದಿಕ್ಕಿನಲ್ಲಿ ಗಿರಗಿರನೆ ಸುತ್ತುತ್ತಿದ್ದರು. ಕೌಂಟರಿನ ಹೆಂಗಸು ಮಕ್ಕಳ ಪಾದ ನೋಡಿ ಎರಡು ಜೋಡಿ ಚಕ್ರದ ಬೂಟು ಎತ್ತಿಕೊಟ್ಟಳು.

ಬುಗುರಿಯ ಜೋಡಿಯ ಒಂದು ಚಕ್ರವನ್ನು ಅವನು ಹೆಬ್ಬೆರಳಿನಿಂದ ತಿರುಗಿಸಿ ನೋಡಿದ. ಅರ್ಧ ಸುತ್ತು ತಿರುಗಿ, ಕಿರ್ರೆಂದು ನಿಂತಿತು. ಇನ್ನೊಂದು, ಅದೂ ಹಾಗೇ. ಅವನ ಮುಖ ಕಿವುಚಿಕೊಂಡಿತು. ಹೇಗೆ ಇಟ್ಟಿದ್ದಾರೆ ನೋಡು! ಇದನ್ನು ಕಟ್ಟಿಕೊಂಡು ಮಗು ಮುಗ್ಗರಿಸದೆ ಇರುತ್ತದೆಯೇ?

ಬೆಂಚಿನ ಮೇಲೆ ಕುಳಿತ. ಕಿಸೆಯಲ್ಲಿ ಸಣ್ಣ ಸ್ಪ್ಯಾನರು, ಬೆರಳುದ್ದದ ಎಣ್ಣೆ ಡಬ್ಬಿ ಇದ್ದೇ ಇರುತ್ತಿತ್ತು. ಎರಡು ಕಾಲಿಗೆ ಎಂಟು ಚಕ್ರ. ಒಂದೊಂದರ ನಟ್ಟನ್ನೂ ಕಾಲು ಸುತ್ತು ಸಡಿಲಿಸಿ, ಒಂದೊಂದು ಹನಿ ಬಿಟ್ಟ. ತಿರುಗಿಸಿ ಕೇಳಿದ. ರೇಷ್ಮೆಯ ಹಾಗೆ! ಬಂದಾಗಿನಿಂದ ಮೊದಲ ಸಲ ಅವನ ಭುಜದ ಬಿಗಿ ಸಡಿಲವಾಯಿತು.

“ಕಂಬಿ ಬಿಡಬೇಡ. ಅಕ್ಕನಿಗೂ ಕಟ್ಟಿಬಿಡ್ತೀನಿ, ಒಟ್ಟಿಗೆ ಹೋಗೋಣ,” ಎಂದು ಬುಗುರಿಯನ್ನು ಕಂಬಿಯ ಒಳಗೆ ನಿಲ್ಲಿಸಿ, ಮಗಳ ಲೇಸಿಗೆ ಬಗ್ಗಿದ.

ಎರಡು ಗಂಟು ಹಾಕಿರಬಹುದು.

“ಅಪ್ಪಾ!” ಎಂದಳು ಮಗಳು.

ತಲೆಯೆತ್ತಿದಾಗ ಕಂಬಿಯ ಬಳಿ ಯಾರೂ ಇರಲಿಲ್ಲ. ಬುಗುರಿ ಕಾಲು ಅಗಲಿಸಿ, ಕೈ ಚಾಚಿ, ಒಂದು ಹೆಜ್ಜೆಯನ್ನೂ ಇಡದೆ ಸರ್ರನೆ ಸಾಗುತ್ತಿದ್ದ. ನಗುತ್ತಿದ್ದ. ನಿಲ್ಲುವುದು ಹೇಗೆಂದು ಗೊತ್ತಿಲ್ಲದ ಮಗು, ನಿಲ್ಲಲು ಬಾರದ ಚಕ್ರ. ಎದುರಿನಿಂದ ದೊಡ್ಡ ಹುಡುಗರ ಗುಂಪು ತಿರುವಿನಲ್ಲಿ ಬಾಗಿ ಬರುತ್ತಿತ್ತು. ಅವರಲ್ಲೊಬ್ಬ ಬೆನ್ನು ಮುಂದೆ ಮಾಡಿ ಹಿಮ್ಮುಖವಾಗಿ ಬರುತ್ತಿದ್ದ.

ಅವನು ಕಂಬಿ ಹಾರಿದ. ಚಪ್ಪಲಿ ಎಲ್ಲೋ ಉಳಿಯಿತು. “ನಿಲ್ಸಿ! ನಿಲ್ಸಿ!” ಎಂದು ಕೂಗಿದ್ದು ಸ್ಪೀಕರಿನ ಹಾಡಿನ ಅಬ್ಬರದಲ್ಲಿ ಅವನಿಗೇ ಕೇಳಿಸಲಿಲ್ಲ. ದೇವರೇ, ನನ್ನ ಕೈ ಅಲ್ಲಿಗೆ ಮುಟ್ಟುವುದಿಲ್ಲ, ನಿನ್ನದಾದರೂ ಮುಟ್ಟಲಿ. ಹಿಮ್ಮುಖದ ಹುಡುಗ ಕೊನೆಯ ಗಳಿಗೆಯಲ್ಲಿ ಹೊರಳಿ ನೋಡಿ, ಪಕ್ಕಕ್ಕೆ ಬಿದ್ದ. ಅವನ ಮೊಣಕೈಯನ್ನು ಸವರಿಕೊಂಡು ಹೋದ ಬುಗುರಿ ಆಚೆ ಬದಿಯ ಕಂಬಿಗೆ ಮುಖ ಹೊಡೆದುಕೊಂಡು ಕುಸಿದ.

ಅಳಲಿಲ್ಲ.

ಅವನು ಓಡಿ ತಲುಪುವವರೆಗೂ ಮಗು ಅಳಲೇ ಇಲ್ಲ. ಆ ಇಪ್ಪತ್ತು ಹೆಜ್ಜೆಯಲ್ಲಿ ಅವನು ಏನೇನು ಕಂಡನೋ, ಮುಂದೆ ಎಂದೂ ಯಾರಿಗೂ ಹೇಳಲಿಲ್ಲ. ಎತ್ತಿಕೊಂಡಾಗ ಬಾಯ್ತುಂಬ ರಕ್ತ. ಆಮೇಲೆ, ಒಂದು ದೊಡ್ಡ ಉಸಿರು, ಕಟ್ಟಡ ಹಾರಿಹೋಗುವಂಥ ಅಳು. ಆ ಅಳು ಕೇಳಿ ಅವನು ಮಗುವನ್ನು ಎದೆಗವಚಿಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಕೆಳತುಟಿ ಒಡೆದಿತ್ತು. ಅಷ್ಟೇ. ಹಲ್ಲೆಲ್ಲ ಗಟ್ಟಿಯಾಗಿದ್ದವು.

ಸೀಟಿ ಊದುತ್ತ ಬಂದ ಮೇಲ್ವಿಚಾರಕ ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿದ. ಬೆರಳಿಗೆ ಅಂಟಿದ ಎಣ್ಣೆ ನೋಡಿದ. ಕೌಂಟರಿನ ಕಡೆ ತಿರುಗಿ ಗುಡುಗಿದ: “ಏನಮ್ಮಾ, ಮೊದಲ್ನೇ ಸಲ ಬಂದ ಮಗುಗೆ ಇಂಥಾ ಜೋಡಿ ಕೊಡ್ತಾರಾ? ಕಲಿಯೋರದನ್ನ ಬೇಕು ಅಂತ್ಲೇ ಬಿಗಿ ಮಾಡಿಟ್ಟಿರ್ತೀವಿ, ಗೊತ್ತಿಲ್ವಾ ನಿಂಗೆ?”

ಹೆಂಗಸಿನ ಮುಖ ಬಿಳಿಚಿಕೊಂಡಿತು. “ನಾನು ಬಿಗಿ ಇರೋದನ್ನೇ ಕೊಟ್ಟೆ ಸಾರ್...”

“ಅವರದೇನೂ ತಪ್ಪಿಲ್ಲ. ನಾನೇ ಎಣ್ಣೆ ಹಾಕ್ದೆ,” ಎಂದ ಅವನು.

“ನೀವಾ? ಯಾಕ್ರೀ?”

“ಕೆಟ್ಟಿದೆ ಅಂದ್ಕೊಂಡೆ. ನಾನು ಮಿಷಿನ್ ರಿಪೇರಿಯವನು.”

ಮೇಲ್ವಿಚಾರಕ ಅವನನ್ನು ತಲೆಯಿಂದ ಕಾಲಿನವರೆಗೂ ನೋಡಿದ. “ಮಗು ಏನು ಮಿಷಿನ್ನಾ ಸ್ವಾಮಿ?”

ಅವನು ಬಟ್ಟೆ ಕೇಳಿ ಪಡೆದು, ಚಕ್ರದ ಎಣ್ಣೆಯನ್ನೂ ನೆಲದ ಕಲೆಯನ್ನೂ ಒರೆಸಿದ. ಎಂಟೂ ನಟ್ಟನ್ನು ಮತ್ತೆ ಬಿಗಿದ. ಐಸಿನ ತುಂಡು ತುಟಿಗೊತ್ತಿಕೊಂಡು ಕುಳಿತಿದ್ದ ಬುಗುರಿ, “ಇನ್ನೊಂದ್ಸಲ,” ಎಂದ.

ಬೇಡ ಎನ್ನುವ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡ. ಬರಿಗಾಲಲ್ಲಿ ನೆಲಕ್ಕಿಳಿದು, ಎರಡು ಕೈಗೆ ಎರಡು ಕೈ ಕೊಟ್ಟು, ಕಂಬಿಯ ಉದ್ದಕ್ಕೂ ನಡೆದ. ಕಿರ್ರ್, ಕಿರ್ರ್ ಎಂದು ಚಕ್ರಗಳು ಗೊಣಗಿದವು. ಮೇಲ್ವಿಚಾರಕ ನೋಡಿಯೂ ನೋಡದವನಂತೆ ಆಚೆ ತಿರುಗಿದ. ಮೂರನೆಯ ಸುತ್ತಿಗೆ ಮಗಳು ಕೈ ಬಿಡಿಸಿಕೊಂಡು ಒಬ್ಬಳೇ ಹೋದಳು. ಅವನು ಕೈ ಚಾಚಿದ, ಆದರೂ ಕರೆಯಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಮಗಳು ಅವನ ಕಿವಿಗೆ ಬಾಯಿಟ್ಟಳು. “ಅಪ್ಪಾ, ಶಾಲೆ ಮೆಟ್ಟಿಲ ಮೇಲೆ ಬಿದ್ದ ಅಂತ ಹೇಳೋಣ.”

“ಇವತ್ತು ಭಾನುವಾರ ಕಣೇ.”

“ಹಾಗಾದ್ರೆ ಹೊರಡೋ ಮುಂಚೆ ನಮ್ಮನೆ ಮೆಟ್ಟಿಲ ಮೇಲೆ. ಇಲ್ಲಾಂದ್ರೆ ದೊಡ್ಡಮ್ಮ ನಮ್ಮನ್ನ ಕರ್ಕೊಂಡು ಹೋಗ್ಬಿಡ್ತಾರೆ.”

ಮಗಳಿಗೆ ಎಲ್ಲ ಗೊತ್ತಿತ್ತು. ಎಷ್ಟು ದಿನದಿಂದ ಗೊತ್ತಿತ್ತೋ. ಆ ಸುಳ್ಳು ಚೆನ್ನಾಗಿಯೇ ಇತ್ತು. ಯಾರೂ ಹಿಡಿಯಲಾರರು.

ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಬುಗುರಿಯ ಗಲ್ಲ ಹಿಡಿದೆತ್ತಿ ತುಟಿ ನೋಡಿದಳು.

“ಏನಿದು?”

ಮಗಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ. ಚಕ್ರ, ಎಣ್ಣೆ, ಬೆನ್ನು ತಿರುಗಿಸಿದ್ದು, ಹಿಮ್ಮುಖದ ಹುಡುಗ, ಒಂದನ್ನೂ ಬಿಡದೆ.

ಅವಳು ಬೈಯಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ಭಯವಾದದ್ದು. ಕುರ್ಚಿಯಲ್ಲಿ ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು: “ನಿನ್ನನ್ನ ಆಡ್ಕೊಳ್ಳೋಕೆ ಹೇಳ್ತಿಲ್ಲಪ್ಪ. ನೀನೂ ಸೋತು ಸುಣ್ಣ ಆಗಿದ್ದೀಯ. ವರ್ಷಗಟ್ಲೆ ಬೇಡ, ಒಂದೇ ಒಂದು ತಿಂಗಳು ಕರ್ಕೊಂಡು ಹೋಗ್ತೀನಿ. ಊಟ, ಸ್ನಾನ, ಶಾಲೆ ಎಲ್ಲಾ ನಂದು. ನೀನು ನೆಮ್ಮದಿಯಾಗಿ ನಿದ್ದೆ ಮಾಡು. ಹೂಂ ಅನ್ನು.”

ಅದು ಪ್ರೀತಿಯ ಮಾತೆಂದು ಅವನಿಗೆ ಗೊತ್ತಿತ್ತು. ನಿದ್ದೆಯ ಹೆಸರು ಕೇಳಿಯೇ ರೆಪ್ಪೆ ಭಾರವಾಯಿತು. ಮಕ್ಕಳಿಬ್ಬರೂ ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದರು.

“ಬೇಡ ಅತ್ತಿಗೆ,” ಎಂದ. “ತಪ್ಪು ನಂದೇ. ಆದ್ರೂ ಬೇಡ.”