ಚಾಚಾರ ಗುಪ್ತ ವಿಳಾಸ

ಲಕ್ಷ್ಮೇಶ್ವರದ ಗಾದಿ ಅಂಗಡಿ ದಾದಾಪೀರ್ ಚಾಚಾರಿಗೆ ನೆಟ್ಟಿನಾಗ ಟೊರೆಂಟ್ ಅನ್ನೋ ಕಳ್ಳದಾರಿಲೆ ಹಳೇ ಸಿನಿಮಾ ಪುಕ್ಕಟೆ ಹಂಚೋ ಹುಚ್ಚು. ಪೊಲೀಸರು ಹುಡುಕ್ಕೊಂಡು ಬರತಾರ ಅಂತ ಯಾರೋ ಹೆದರಿಸಿದ್ದಕ್ಕ, ಕಂಪ್ಯೂಟರ್ ರಿಪೇರಿ ಮಾಡೋ ನನ್ನನ್ನ ಗದಗಿನಿಂದ ಕರಸಿದ್ರು. ಗಳಿಗಿಗೊಮ್ಮೆ ಸಾಯೋ ನೆಟ್ ಜೋಡಿ ಗುದ್ದಾಡಿ, ಸಂಜೀ ಹೊತ್ತಿಗೆ ಚಾಚಾರ ನೆಟ್ ವಿಳಾಸ ಮುಚ್ಚೋ ವಿಪಿಎನ್ ಹಾಕಿದೆ.

"ಇನ್ನ ಯಾರು ಬಂದ್ರೂ ನಿಮ್ಮ ಪತ್ತೆ ಹತ್ತಂಗಿಲ್ಲ, ಚಾಚಾ."

ಅವರು ಖುಷಿಯಾಗಿ, ತಾವು ಹಂಚೋ ಸಿನಿಮಾ ಒಂದು ಹಚ್ಚಿ ತೋರಿಸಿದ್ರು. ಶುರುವಿಗೇ ಪರದಿ ತುಂಬ ಚಾಚಾರ ಫೋಟೊ, ಅಂಗಡಿ ಹೆಸರು, ಮೊಬೈಲ್ ನಂಬರ್, ಕೆಳಗ 'ಬಸ್ ಸ್ಟ್ಯಾಂಡ್ ಎದುರಿಗೆ'.

"ಚಾಚಾ, ಮೊದಲ ಇದನ್ನ ತಗೀರಿ!"

"ತಗದ್ರ, ಕೊಟ್ಟಾಂವ ಯಾರಂತ ಮಂದಿಗೆ ಹ್ಯಾಂಗ ಗೊತ್ತಾಗಬೇಕಪಾ?"

ನಾನು ಅಂಗಡ್ಯಾಗ ಮಾರಾಕಿಟ್ಟಿದ್ದ ಗಾದಿ ಮ್ಯಾಲ ಅಡ್ಡಾದೆ. ಪೊಲೀಸರು ಬಂದ್ರ ಬರಲಿ. ಪಾಪ, ದಾರಿ ಕೇಳೋ ತ್ರಾಸರೆ ಅವರಿಗೆ ತಪ್ಪೇತಿ.