ಭಾವ ಒದ್ದ ಜಾಗ

ನನ್ನ ಭಾವನ ಮೇಲ್ತುಟಿ ಎರಡಾಗಿ ಸೀಳಿತ್ತು. ಗೇರ್‌ಬಾಕ್ಸ್ ಬಿಚ್ಚುವಾಗ ಸ್ಪ್ರಿಂಗನ್ನು ಅದುಮಿ ಹಿಡಿದಿದ್ದ ಸರ್ಕ್ಲಿಪ್ ಎಂಬ ಉಕ್ಕಿನ ಬಳೆ ಹಾರಿ ಬಂದು ಕೊಯ್ದ ಗಾಯವದು. ಹೊಲಿಗೆ ಸರಿಯಾಗಿ ಕೂಡಲಿಲ್ಲ. ಬಾಯಿ ಮುಚ್ಚಿದ್ದರೂ ಒಂದು ಹಲ್ಲು ಕಾಣುತ್ತಿತ್ತು. ಸುಮ್ಮನೆ ಕೂತಿದ್ದಾಗಲೂ ಯಾರ ಮೇಲೋ ಏರಿಹೋಗುವವರಂತೆ ತೋರುತ್ತಿದ್ದರು. ಬಹಳ ಸಲ ಅದು ನಿಜವೂ ಆಗಿರುತ್ತಿತ್ತು.

ರಾಮಮೂರ್ತಿ ನಗರದ ಒಂದು ಇಳಿಜಾರು ರಸ್ತೆಯ ಮೇಲ್ತುದಿಯಲ್ಲಿ ಅವರ ಗ್ಯಾರೇಜು. ನನಗೂ ಅಲ್ಲೇ ಕೆಲಸ. ಸ್ಪ್ಯಾನರ್ ಎಸೆಯುವುದು, ಕೊರಳಪಟ್ಟಿ ಹಿಡಿಯುವುದು ಅವರಿಗೆ ಮಾತಾಡಿದಷ್ಟೇ ಸಲೀಸು. ಅಕ್ಕನ ಮೇಲೂ ಒಮ್ಮೆ ಕೈ ಮಾಡಿದ್ದರು. ತೀರಿಹೋದವರೆಂದು ಅದನ್ನು ಬಿಟ್ಟು ಬರೆಯಲಾರೆ. ಆಮೇಲೆ ಎಷ್ಟೋ ದಿನ ಅಕ್ಕ ಅವರಿಗೆ ಬಡಿಸಲಿಲ್ಲ. ತಾವೇ ಹಾಕಿಕೊಂಡು, ನೆಲ ನೋಡುತ್ತಾ ಉಂಡು ಏಳುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರ ಹೊಡೆತಕ್ಕೆ ಕಾರಣವಿತ್ತು. ಚಕ್ರಕ್ಕೆ ಮರದ ದಿಮ್ಮಿ ಅಡ್ಡ ಕೊಡದೆ ಯಾರೂ ಲಾರಿಯ ಕೆಳಗೆ ತೂರುವಂತಿರಲಿಲ್ಲ. ಅವರ ಅಪ್ಪ ಕೆ.ಆರ್. ಪುರದಲ್ಲಿ, ತಾವೇ ರಿಪೇರಿ ಮಾಡುತ್ತಿದ್ದ ಲಾರಿ ಉರುಳಿ ಸತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮಲ್ಲಿಗೆ ಒಂದು ಹಳೆಯ ವಿದೇಶಿ ಲಾರಿ ಬಂತು. ಪುಲಿಕೇಶಿನಗರದ ಒಬ್ಬರು ಮಿಲಿಟರಿ ಹರಾಜಿನಲ್ಲಿ ಕೊಂಡದ್ದು. ಹಿಂದೆ ಕ್ರೇನ್ ಇತ್ತು. ಕೆಟ್ಟು ನಿಂತ ಬಸ್ಸುಗಳನ್ನು ಎಳೆಯುವ ಕೆಲಸ ಅದಕ್ಕೆ. ಕ್ಲಚ್ ಪೆಡಲ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ಭಾರ ಎಳೆದೂ ಎಳೆದೂ ಗೇರ್‌ಬಾಕ್ಸಿನ ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟಿದ್ದವು. ಹ್ಯಾಂಡ್‌ಬ್ರೇಕ್ ನೆಪಕ್ಕೆ ಇತ್ತು; ಗೇರ್‌ಬಾಕ್ಸ್ ಆದ ಮೇಲೆ ಅದನ್ನು ನೋಡುವುದೆಂದು ಮಾತಾಗಿತ್ತು.

ಅದರ ಡ್ರೈವರು ಹಲಸೂರಿನವರು, ಭಾವನಿಗಿಂತ ಹಿರಿಯರು, ಆ ಲಾರಿಗೆ ಮಾತ್ರ ಹೊಸಬರು. ಮೊದಲ ದಿನವೇ ಲಾರಿಯನ್ನು ಏರಿನಲ್ಲಿ ನಿಲ್ಲಿಸಿ, ಗೇರಿನಲ್ಲೇ ಬಿಟ್ಟು, ಇಂಜಿನ್ ಆರಿಸಿ ಇಳಿದರು. ಬೇರೆ ಲಾರಿಗಳು ಹಾಗೆ ನಿಲ್ಲುತ್ತವೆ, ಡ್ರೈವರುಗಳೆಲ್ಲ ಹಾಗೇ ಮಾಡುತ್ತಾರೆ. ಇದು ನಿಲ್ಲಲಿಲ್ಲ. ಹಿಂದಕ್ಕೆ ಉರುಳತೊಡಗಿತು. ಭಾವ ಓಡಿ ದಿಮ್ಮಿ ತುರುಕಿದರು. ತಿರುಗಿ ಬಂದವರೇ ಡ್ರೈವರ ಕೆನ್ನೆಗೆ ಬಾರಿಸಿದರು.

“ಮೂವತ್ತ್ ವರ್ಷ ಸ್ಟೀರಿಂಗ್ ಹಿಡ್ದವ್ನು ನಾನು. ನನ್ ಮೇಲೆ ಕೈ ಇಡ್ತೀಯೇನೋ” ಎಂದ ಡ್ರೈವರು ವೀಲ್ ಸ್ಪ್ಯಾನರ್ ಬೀಸಿದರು. ಭಾವನ ಎಡಭುಜದ ಮೂಳೆ ಲಟಕ್ಕೆಂದದ್ದು ನನಗೆ ಕೇಳಿಸಿತು. ಆದರೂ ಭಾವ ಬಲಗೈಯಲ್ಲಿ ಅವರ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದರು. ಡ್ರೈವರ ಕಣ್ಣು ಮೇಲಾಗುವವರೆಗೆ ಬಿಡಲಿಲ್ಲ. ಬಿಡಿಸಲು ಹೋದ ನನ್ನ ಮೂಗಿನಿಂದಲೂ ರಕ್ತ ಸುರಿಯಿತು.

ಪೊಲೀಸರ ತನಕ ಯಾರೂ ಹೋಗಲಿಲ್ಲ. ಭಾವ ಒಂದು ಕೈ ಕಟ್ಟಿಕೊಂಡು ಕೆಲಸಕ್ಕೆ ಕೂತರು, ಇನ್ನೊಂದು ಕೈ ನಾನಾದೆ. ಎಣ್ಣೆಯಲ್ಲಿ ನೆನೆದ ಹೊಸ ಪ್ಲೇಟುಗಳನ್ನು, ಉಕ್ಕಿನದೊಂದು, ಒರಟು ಮೈಯದೊಂದು, ಹೀಗೆ ಸರದಿಯಲ್ಲಿ ಅವು ಕೂರುವ ಉಕ್ಕಿನ ಡ್ರಮ್ಮಿನೊಳಗೆ ಜೋಡಿಸಿದೆ. ಸರ್ಕ್ಲಿಪ್ ಕೂರಿಸುವಾಗ ನನ್ನ ತಲೆಗೆ ಒಂದು ಏಟು ಬಿತ್ತು.

“ಮುಖ ಆ ಕಡೆ ಮಾಡೋ. ನನ್ ತುಟಿ ನೋಡಿಲ್ವಾ?”

ಡ್ರಮ್ಮು ಸಿದ್ಧವಾದಾಗ ಭಾವ ಡ್ರೈವರನ್ನು ಕರೆಸಿದರು. ಕಂಪ್ರೆಸರಿನ ಗಾಳಿ ಬಿಟ್ಟಾಗ ಪ್ಲೇಟುಗಳು ಥಪ್ಪೆಂದು ಒಂದಕ್ಕೊಂದು ಕಚ್ಚಿಕೊಂಡವು. ಗಾಳಿ ನಿಲ್ಲಿಸಿದಾಗ ಸಡಿಲವಾದವು.

“ಓಡೋವಾಗ ಗಾಳಿ ಬದಲು ಎಣ್ಣೆ ಒತ್ತುತ್ತೆ. ಇಂಜಿನ್ ನಿಂತ್ರೆ ಒತ್ತೋರಿಲ್ಲ, ಪ್ಲೇಟು ಕೈ ಬಿಟ್ಬಿಡುತ್ತೆ, ಲಾರಿ ಉರುಳುತ್ತೆ. ದಿಮ್ಮಿ ಕೊಟ್ಟಾಯ್ತು ಅಂತ ಕೂಗಿದ್ಮೇಲೇ ಆಫ್ ಮಾಡ್ಬೇಕು ನೀವು.”

“ಹಂಗಾದ್ರೆ ಇದು ಲಾರಿ ಅಲ್ಲಪ್ಪಾ, ಎಮ್ಮೆ. ಗೂಟಕ್ಕೆ ಕಟ್ಲೇಬೇಕು” ಎಂದರು ಡ್ರೈವರು. ಭಾವ ನಕ್ಕರು. ಆ ತುಟಿಯಲ್ಲಿ ನಗುವೂ ಜಗಳದಂತೆಯೇ ಕಾಣುತ್ತಿತ್ತು.

ಗೇರ್‌ಬಾಕ್ಸ್ ಏರಿಸಿದ ಮೇಲೆ ಓಡಿಸಿ ನೋಡುವ ದಿನ ಬಂತು. ಟಿನ್ ಫ್ಯಾಕ್ಟರಿವರೆಗೆ ಹೋದ ಲಾರಿ ಒಂದು ಜರ್ಕೂ ಇಲ್ಲದೆ ಏರು ಹತ್ತಿ ಬಂದು ನಿಂತಿತು. ನಾನು ದಿಮ್ಮಿ ಹಿಡಿದು ಹಿಂದಿನ ಚಕ್ರದ ಬಳಿ ಬಗ್ಗಿದೆ; ಭಾವ ಪಕ್ಕದಲ್ಲೇ ನಿಂತಿದ್ದರು. ಡ್ರೈವರು ಖುಷಿಯಲ್ಲಿದ್ದರು. ಮೂವತ್ತು ವರ್ಷ ಮಾಡಿದ್ದನ್ನೇ ಅವರ ಕೈಕಾಲು ಮಾಡಿದವು. ನಾನು ಕೂಗುವ ಮೊದಲೇ ಇಂಜಿನ್ ಆರಿಸಿ ಕೆಳಗೆ ಜಿಗಿದರು.

ಚಕ್ರ ನನ್ನ ಮುಖಕ್ಕೆ ಬಂತು. ಎದೆಗೆ ಒಂದು ಒದೆ ಬಿತ್ತು. ಮೋರಿಗೆ ಹೋಗಿ ಬಿದ್ದೆ. ಎದ್ದು ನೋಡಿದಾಗ ಲಾರಿ ಕೆಳಗಿನ ಕಾಂಪೌಂಡಿಗೆ ನುಗ್ಗಿ ನಿಂತಿತ್ತು. ನಾನು ಬಗ್ಗಿದ್ದ ಜಾಗದಲ್ಲಿ ಭಾವ ಬಿದ್ದಿದ್ದರು. ಸೊಂಟದಿಂದ ಕೆಳಗೆ ಆಕಾರವಿರಲಿಲ್ಲ.

ಡ್ರೈವರು ರಸ್ತೆಯಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತಿದ್ದರು. ನನ್ನ ಕೈಗೆ ಅದೇ ವೀಲ್ ಸ್ಪ್ಯಾನರ್ ಸಿಕ್ಕಿತು. ಕೊಲ್ಲಲೆಂದೇ ಎತ್ತಿದ್ದೆ.

“ಬಿಡೋ” ಎಂದರು ಭಾವ. “ಹೊಡೀಬೇಡ. ನಾನ್ ಹೊಡ್ದು ಏನ್ ಕಲ್ಸ್ದೆ?”

ಯಾರದೋ ವ್ಯಾನಿನಲ್ಲಿ ಶಿವಾಜಿನಗರದ ಆಸ್ಪತ್ರೆಗೆ ಹೊರಟೆವು. ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದರು. ಹಲಸೂರು ದಾಟುವಾಗ ಹಿಡಿತ ಸಡಿಲವಾಯಿತು.

ಆ ಒದೆಗೆ ನನ್ನ ಎರಡು ಪಕ್ಕೆಲುಬು ಮುರಿದಿದ್ದವು. ಈಗಲೂ ಚಳಿ ಬಿದ್ದರೆ ನೋಯುತ್ತದೆ. ಅಕ್ಕ ಎಣ್ಣೆ ಬಿಸಿ ಮಾಡಿ ತರುತ್ತಾಳೆ. ಬೇಡ, ಇರಲಿ ಬಿಡು ಎನ್ನುತ್ತೇನೆ. ಏಕೆಂದು ಅವಳು ಕೇಳಿಲ್ಲ. ಬಟ್ಟಲು ಪಕ್ಕಕ್ಕಿಟ್ಟು, ಅಂಗಿಯ ಮೇಲಿಂದಲೇ ಆ ಜಾಗಕ್ಕೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಕೂರುತ್ತಾಳೆ.