ಎಣ್ಣೆ ಯಾವುದೆಂದು ಕೇಳುವವನು

ಇಂಡಸ್ಟ್ರಿಯಲ್ ಏರಿಯಾದ ನಮ್ಮ ಕಾರ್ಖಾನೆಗೆ ಪ್ಯಾಕಿಂಗ್ ಯಂತ್ರ ಜೋಡಿಸಲು ಇಸ್ರೇಲಿನಿಂದ ಬಂದಿದ್ದ ಎಂಜಿನಿಯರ್ ಆತ, ಯಹೂದಿ. ಏನೇ ತಿನ್ನುವ ಮೊದಲು ಎರಡೂ ಅಂಗೈಗಳನ್ನು ಮೇಜಿಗೆ ಊರಿ, "ಒಂದ್ಮಾತು ಕೇಳ್ಬಿಡ್ಲಾ?" ಎಂದು ಇಂಗ್ಲಿಷಿನಲ್ಲಿ ಶುರುಮಾಡುತ್ತಿದ್ದ.

ಒಂದು ಭಾನುವಾರ ಆತನನ್ನೂ ನನ್ನ ಮಗಳನ್ನೂ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಬರ್ಗರ್ ಅಂಗಡಿಗೆ ಕರೆದೊಯ್ದೆ. ಆತನ ಊರಿನಲ್ಲಿ ಇಂಥದೇ ಅಂಗಡಿ ಅವರ ಧರ್ಮದ ವಿಶ್ರಾಂತಿಯ ದಿನವಾದ ಶನಿವಾರ ಬಾಗಿಲು ಹಾಕುತ್ತದಂತೆ. ಹಾಲು-ಮಾಂಸ ಕೂಡಬಾರದೆಂದು ಮಾಂಸದ ಬರ್ಗರಿಗೆ ಚೀಸ್ ಸೋಕಿಸುವುದೇ ಇಲ್ಲವಂತೆ. ಐಸ್‌ಕ್ರೀಮಿಗೆ ಬೇರೆ ಕೌಂಟರಂತೆ. ಇವನ ಮಡಿಗೆ ಅಂಗಡಿಯೇ ಬಗ್ಗಿದೆಯಲ್ಲ ಎಂದು ನನ್ನ ಹೊಟ್ಟೆ ಉರಿಯಿತು.

"ವಾವ್, ಅಂಕಲ್!" ಎಂದಳು ಮಗಳು. ಏಕಾದಶಿ ಎಂದರೆ ಮುಖ ಸಿಂಡರಿಸುವವಳು!

ಮಾಂಸ ಮುಟ್ಟದ ನಾನು ಎಂದಿನಂತೆ ಚಿಪ್ಸ್ ತಂದು ಕೂತೆ. ಆತ ಕೌಂಟರಿಗೆ ಅಂಗೈ ಊರಿದ.

"ಒಂದ್ಮಾತು ಕೇಳ್ಬಿಡ್ಲಾ? ಚಿಪ್ಸ್ ಯಾವ ಎಣ್ಣೇಲಿ ಕರೀತೀರಿ?"

"ಚಿಕನ್ ಕರಿಯೋ ಎಣ್ಣೇಲೇ, ಸರ್," ಎಂದಳು ಕೌಂಟರಿನ ಹುಡುಗಿ.

"ಅಸಾಂಟೆ," ಎಂದು ಇಲ್ಲಿನ ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳಿ ನಗುತ್ತ ಬಂದು ಕೂತ. ಚೀಲದಿಂದ ಕಿತ್ತಳೆ ತೆಗೆದು ಸುಲಿಯತೊಡಗಿದ. ಮುಖದಲ್ಲಿ ಒಂದಿಷ್ಟೂ ಸಂಕೋಚವಿರಲಿಲ್ಲ.

ಮಗಳು ನನ್ನ ಚಿಪ್ಸ್ ನೋಡಿದಳು. "ಅಪ್ಪಾ, ಯು ನೆವರ್ ಆಸ್ಕ್ಡ್?"

ಕೇಳಿದ್ದೆ. ಅವಳಿಗೆ ಏಳು ವರ್ಷವಿದ್ದಾಗ, ಇದೇ ಕೌಂಟರಿನಲ್ಲಿ, ಇದೇ ಪ್ರಶ್ನೆ. ಉತ್ತರ ಬರುವ ಮೊದಲೇ, "ಡೋಂಟ್ ಆಸ್ಕ್, ಅಪ್ಪಾ, ಎಲ್ರೂ ನೋಡ್ತಿದಾರೆ," ಎಂದು ನಾಚಿ ನನ್ನ ತೋಳು ಹಿಡಿದು ಎಳೆದಿದ್ದಳು. ಅಂದಿನಿಂದ ಎಲ್ಲಿಯೂ ಕೇಳಿಲ್ಲ. ಅವಳಿಗೆ ಅದು ನೆನಪಿರಲಿಲ್ಲ.

ಆತ ಅರ್ಧ ಕಿತ್ತಳೆ ಚಾಚಿದ. ನನ್ನ ಮಗಳು ಅದನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡಳು.

ನಾನು ಚಿಪ್ಸ್ ಮುಗಿಸಿದೆ.